ಏರಿಯಲ್, ಹೆಲ್ವೆಟಿಕಾ, ಲಿಬರೇಷನ್: ಒಂದೇ ಥರ ಕಾಣುವ ಫಾಂಟು ಇಷ್ಟೊಂದು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಿನಲ್ಲಿ ವಿಂಡೋಸ್, ಮನೆಯಲ್ಲಿ ಮ್ಯಾಕ್, ಮಗಳ ಲ್ಯಾಪ್‌ಟಾಪಿನಲ್ಲಿ ಉಬುಂಟು ಎಂಬ ಲಿನಕ್ಸ್. ಒಂದೇ ಫೈಲನ್ನು ಮೂರರಲ್ಲೂ ತೆಗೆದು ನೋಡಿದವರಿಗೆ ಬರುವ ಪ್ರಶ್ನೆಗಳು ಇಲ್ಲಿವೆ. ಮೊದಲು ಇಂಗ್ಲಿಷ್ ಫಾಂಟುಗಳ ಕಥೆ, ಯಾಕೆಂದರೆ ಈ ಗೋಜಲು ಶುರುವಾದದ್ದು ಅಲ್ಲಿಂದ. ಕನ್ನಡದ್ದು ಆಮೇಲೆ ಬರುತ್ತದೆ. ಅವಸರ ಇದ್ದವರು ನೇರ ಅಲ್ಲಿಗೇ ಹೋಗಬಹುದು.

ವಿಂಡೋಸಿನಲ್ಲಿ ಏರಿಯಲ್, ಮ್ಯಾಕಿನಲ್ಲಿ ಹೆಲ್ವೆಟಿಕಾ, ಲಿನಕ್ಸಿನಲ್ಲಿ ಲಿಬರೇಷನ್ ಸ್ಯಾನ್ಸ್. ಮೂರೂ ಒಂದೇ ಅಲ್ವಾ?

ಒಂದೇ ಅಲ್ಲ. ಆದರೆ ಒಂದೇ ಥರ ಇರುವುದು ಆಕಸ್ಮಿಕವೂ ಅಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ಮೊದಲು ಬಂದದ್ದು ಹೆಲ್ವೆಟಿಕಾ. ಅದು ಇರಬೇಕಾದ ಜಾಗದಲ್ಲಿ ಕೂರಲೆಂದು ಬಂದದ್ದು ಏರಿಯಲ್. ಏರಿಯಲ್ ಇರಬೇಕಾದ ಜಾಗದಲ್ಲಿ ಕೂರಲೆಂದು ಬಂದದ್ದು ಲಿಬರೇಷನ್ ಸ್ಯಾನ್ಸ್. ಆಕಾರದಲ್ಲಿ ಮೂರಕ್ಕೂ ಸಣ್ಣಪುಟ್ಟ ವ್ಯತ್ಯಾಸ ಇದೆ. ಪೂರ್ತಿ ಹೊಂದುವುದು ಒಂದೇ ಒಂದು ವಿಷಯದಲ್ಲಿ, ಪ್ರತಿ ಅಕ್ಷರದ ಅಗಲದಲ್ಲಿ. ಅಗಲ ಸರಿಯಾಗಿದ್ದರೆ ಸಾಲು ಮುರಿಯುವ ಜಾಗ ಬದಲಾಗುವುದಿಲ್ಲ. ಸಾಲು ಬದಲಾಗದಿದ್ದರೆ ಪುಟವೂ ಬದಲಾಗುವುದಿಲ್ಲ.

ಹೆಲ್ವೆಟಿಕಾ ಎಲ್ಲಿಂದ ಬಂತು? ಅದಕ್ಕೇ ಯಾಕೆ ಇಷ್ಟು ಬೆಲೆ?

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪಕ್ಕ ಮ್ಯೂನ್‌ಖೆನ್‌ಸ್ಟೈನ್‌ನಲ್ಲಿ ಹಾಸ್ ಎಂಬ ಅಚ್ಚುಮೊಳೆ ಕಾರ್ಖಾನೆ ಇತ್ತು. ಅದರ ಮುಖ್ಯಸ್ಥ ಎಡುವರ್ಡ್ ಹಾಫ್‌ಮನ್ ಹೇಳಿದಂತೆ ಮ್ಯಾಕ್ಸ್ ಮೀಡಿಂಗರ್ ಅಕ್ಷರ ಬರೆದುಕೊಟ್ಟರು. 1957ರಲ್ಲಿ ಅದು ಬಂದಾಗ ಹೆಸರು ನೋಯೆ ಹಾಸ್ ಗ್ರೊಟೆಸ್ಕ್. 1960ರಲ್ಲಿ ಹೆಲ್ವೆಟಿಕಾ ಎಂದು ಹೆಸರು ಬದಲಾಯಿತು.

ಕಂಪ್ಯೂಟರಿಗೆ ಅದು ಮುಖ್ಯವಾದದ್ದು 1985ರಲ್ಲಿ. ಆ ವರ್ಷ ಆ್ಯಪಲ್ ಕಂಪನಿಯ ಲೇಸರ್‌ರೈಟರ್ ಪ್ರಿಂಟರ್ ಬಂತು. ಅದರೊಳಗೆ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಇತ್ತು, ಪುಟದ ಮೇಲೆ ಏನು ಎಲ್ಲಿ ಮೂಡಬೇಕು ಎಂದು ಪ್ರಿಂಟರಿಗೆ ಹೇಳುವ ಭಾಷೆ ಅದು. ಜೊತೆಗೆ ಬಂದ ಫಾಂಟ್ ಇಷ್ಟೇ: ಟೈಮ್ಸ್, ಹೆಲ್ವೆಟಿಕಾ, ಕೊರಿಯರ್, ಇವು ಮೂರರಲ್ಲೂ ನಾಲ್ಕು ನಾಲ್ಕು ರೂಪ, ಜೊತೆಗೆ ಸಿಂಬಲ್ ಎಂಬ ಚಿಹ್ನೆಗಳ ಫಾಂಟ್. ಒಟ್ಟು 13. ಡೆಸ್ಕ್‌ಟಾಪ್ ಪಬ್ಲಿಷಿಂಗ್, ಅಂದರೆ ಕಂಪ್ಯೂಟರಿನಲ್ಲೇ ಪುಟ ಜೋಡಿಸಿ ಅಚ್ಚು ಹಾಕುವುದು, ಶುರುವಾದದ್ದೇ ಈ ಪ್ರಿಂಟರಿನಿಂದ ಎನ್ನಬಹುದು. ಹಾಗಾಗಿ ಆ 13 ಫಾಂಟುಗಳ ಅಳತೆಯೇ ಎಲ್ಲರಿಗೂ ಅಳತೆಯಾಗಿಬಿಟ್ಟಿತು. ಈಗಲೂ ನಿಮ್ಮ ವರ್ಡ್‌ನಲ್ಲಿ ಏರಿಯಲ್, ಟೈಮ್ಸ್ ನ್ಯೂ ರೋಮನ್, ಕೊರಿಯರ್ ನ್ಯೂ ಅಂತ ಮೂರು ಕುಟುಂಬ ಇರುವುದಕ್ಕೆ ಆ ಹಳೆಯ ಪ್ರಿಂಟರ್ ಕಾರಣ.

ಹಾಗಾದ್ರೆ ಏರಿಯಲ್ ಕದ್ದ ಮಾಲಾ?

ಡಿಸೈನರುಗಳು ಹಾಗೇ ಬೈಯುತ್ತಾರೆ. ನನಗೆ ಅದು ಪೂರ್ತಿ ನ್ಯಾಯ ಅನಿಸುವುದಿಲ್ಲ.

1982ರಲ್ಲಿ ಇಂಗ್ಲೆಂಡಿನ ಮೊನೋಟೈಪ್ ಕಂಪನಿಯ ರಾಬಿನ್ ನಿಕೋಲಸ್, ಪೆಟ್ರೀಷಿಯಾ ಸಾಂಡರ್ಸ್ ಇಬ್ಬರೂ ಐಬಿಎಂನ ಲೇಸರ್ ಪ್ರಿಂಟರಿಗಾಗಿ ಇದನ್ನು ಬರೆದರು. ಆಕಾರಕ್ಕೆ ಅವರು ಹೆಚ್ಚಾಗಿ ಆಧಾರವಾಗಿಟ್ಟುಕೊಂಡದ್ದು ತಮ್ಮದೇ ಕಂಪನಿಯ ಹಳೆಯ ಮೊನೋಟೈಪ್ ಗ್ರೊಟೆಸ್ಕ್. ಅಗಲ ಮಾತ್ರ ಹೆಲ್ವೆಟಿಕಾದ್ದೇ. ಟೈಲರಿಗೆ ಅಳತೆ ಬ್ಲೌಸ್ ಕೊಟ್ಟು ಬರುತ್ತೇವಲ್ಲ, ಹಾಗೆ. ಬಟ್ಟೆ ಬೇರೆ, ಕುತ್ತಿಗೆ ಡಿಸೈನ್ ಬೇರೆ, ಅಳತೆ ಮಾತ್ರ ಹಳೆಯದರದ್ದೇ.

1992ರಲ್ಲಿ ವಿಂಡೋಸ್ 3.1 ಬಂದಾಗ ಮೈಕ್ರೋಸಾಫ್ಟ್ ಹೆಲ್ವೆಟಿಕಾದ ಲೈಸೆನ್ಸಿಗೆ ಹೋಗಲಿಲ್ಲ. ಮೊನೋಟೈಪಿನಿಂದ ಏರಿಯಲ್, ಟೈಮ್ಸ್ ನ್ಯೂ ರೋಮನ್, ಕೊರಿಯರ್ ನ್ಯೂ ತೆಗೆದುಕೊಂಡಿತು. ಪೋಸ್ಟ್‌ಸ್ಕ್ರಿಪ್ಟ್ ಬದಲು ಟ್ರೂಟೈಪ್ ಎಂಬ ಬೇರೆ ತಂತ್ರ ಹಿಡಿಯಿತು. ಫಾಂಟ್ ವಿಷಯದಲ್ಲಿ ಅಡೋಬಿಯ ಹಂಗಿನಲ್ಲಿರುವುದು ಮೈಕ್ರೋಸಾಫ್ಟಿಗೂ ಬೇಡವಾಗಿತ್ತು, ಆ್ಯಪಲ್‌ಗೂ ಬೇಡವಾಗಿತ್ತು. ಟ್ರೂಟೈಪ್ ಹುಟ್ಟಿದ್ದೇ ಆ್ಯಪಲ್‌ನಲ್ಲಿ.

ಇದರಲ್ಲೊಂದು ತಮಾಷೆ ಇದೆ. ಲೈನೋಟೈಪ್ ಬಳಿ ಇದ್ದ ಹೆಲ್ವೆಟಿಕಾ, 2006ರಲ್ಲಿ ಆ ಕಂಪನಿಯನ್ನೇ ಮೊನೋಟೈಪ್ ಕೊಂಡುಕೊಂಡಾಗ ಅದರ ಜೊತೆಗೆ ಹೋಯಿತು. ಈಗ ಅಸಲೂ ನಕಲೂ ಒಂದೇ ಅಂಗಡಿಯ ಮಾಲು.

ಅಕ್ಷರ ಕಾಪಿ ಮಾಡಿದರೆ ಕೇಸ್ ಹಾಕಲ್ವಾ?

ಅಮೆರಿಕದ ಕಾನೂನಿನಲ್ಲಿ ಅಕ್ಷರದ ಆಕಾರಕ್ಕೆ ಕಾಪಿರೈಟ್ ಇಲ್ಲ. ಫಾಂಟ್ ಫೈಲು ಒಂದು ಪ್ರೋಗ್ರಾಂ, ಅದಕ್ಕೆ ಕಾಪಿರೈಟ್ ಇದೆ. ಹೆಸರು ಟ್ರೇಡ್‌ಮಾರ್ಕ್. ಅಂದರೆ ಯಾರಾದರೂ ಕೂತು ಮೊದಲಿನಿಂದ ಹಾಗೇ ಕಾಣುವ ಅಕ್ಷರ ಬರೆಯಬಹುದು. ಫೈಲನ್ನು ಎತ್ತಿಕೊಂಡು ಹೋಗುವ ಹಾಗಿಲ್ಲ, ಹೆಸರನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಒಂದೇ ಮುಖದ ಫಾಂಟಿಗೆ ಹತ್ತು ಹೆಸರು ಇರುವುದು ಇದಕ್ಕೇ.

ಯುರೋಪಿನಲ್ಲಿ ಆಕಾರವನ್ನೂ ನೋಂದಣಿ ಮಾಡಿಸಬಹುದು. ಅಲ್ಲಿ ಮೈಕ್ರೋಸಾಫ್ಟ್ ತನ್ನ ಸೆಗೋ ಫಾಂಟನ್ನು ನೋಂದಣಿ ಮಾಡಿಸಿದಾಗ, ಇದು ನಮ್ಮ ಫ್ರೂಟಿಗರ್ ಥರವೇ ಇದೆ ಎಂದು ಲೈನೋಟೈಪ್ ತಕರಾರು ತೆಗೆಯಿತು. 2006ರಲ್ಲಿ ಆ ನೋಂದಣಿ ರದ್ದಾಯಿತು. ಆದರೂ ಸೆಗೋ ಯುಐ ವಿಂಡೋಸಿನಲ್ಲಿ ಬಂತು, ಈಗಲೂ ಇದೆ. ನೋಂದಣಿ ಹೋಯಿತು, ಫಾಂಟ್ ಉಳಿಯಿತು.

ಅಗಲ ಒಂದೇ, ಅಗಲ ಒಂದೇ ಅಂತೀರಲ್ಲ. ಸ್ವಲ್ಪ ಬಿಡಿಸಿ ಹೇಳಿ.

ಇಂಗ್ಲಿಷಿನಲ್ಲಿ ಹಂಪಿ ಎಂದು ಬರೆಯೋಣ, ಮೊದಲಕ್ಷರ ಕ್ಯಾಪಿಟಲ್. ಐದು ಅಕ್ಷರ: ಎಚ್, ಎ, ಎಂ, ಪಿ, ಐ.

ಪೋಸ್ಟ್‌ಸ್ಕ್ರಿಪ್ಟ್ ಫಾಂಟಿನಲ್ಲಿ ಅಕ್ಷರದ ಗಾತ್ರವನ್ನು 1000 ಪಾಲು ಮಾಡಿ, ಪ್ರತಿ ಅಕ್ಷರಕ್ಕೂ ಎಷ್ಟು ಪಾಲು ಅಗಲ ಎಂದು ಬರೆದಿಟ್ಟಿರುತ್ತಾರೆ. ಹೆಲ್ವೆಟಿಕಾದಲ್ಲಿ ಕ್ಯಾಪಿಟಲ್ ಎಚ್ 722. ಸಣ್ಣ ಎ 556. ಎಂ 833. ಪಿ ಕೂಡ 556. ಐ ಬರೀ 222. ಕೂಡಿದರೆ 2889. ನೀವು 12 ಪಾಯಿಂಟಿನಲ್ಲಿ ಟೈಪ್ ಮಾಡಿದರೆ ಆ ಪದ ಸುಮಾರು 34.67 ಪಾಯಿಂಟ್ ಜಾಗ ತಿನ್ನುತ್ತದೆ. ಅಂದರೆ 12 ಮಿಲಿಮೀಟರಿಗಿಂತ ಚೂರು ಜಾಸ್ತಿ.

ಈಗ ಏರಿಯಲ್ ಫೈಲನ್ನು ಬಿಚ್ಚಿ ನೋಡಿ. ಅದು ಟ್ರೂಟೈಪ್, ಅಲ್ಲಿ ಗಾತ್ರವನ್ನು 2048 ಪಾಲು ಮಾಡಿದ್ದಾರೆ. ಸಣ್ಣ ಎ ಅಗಲ 1139. ಅದನ್ನು 2048ರಿಂದ ಭಾಗಿಸಿ: 0.556. ಲಿಬರೇಷನ್ ಸ್ಯಾನ್ಸಿನಲ್ಲೂ ಅದೇ 1139. ಹೀಗೆ ಒಂದೊಂದೇ ಅಕ್ಷರ, ಅಂಕಿ, ಖಾಲಿ ಜಾಗ ಎಲ್ಲವನ್ನೂ ಹೊಂದಿಸಿದ್ದಾರೆ. ಇಷ್ಟು ಕರಾರುವಾಕ್ಕಾಗಿ ಹೊಂದಿಸಿದ ಕೆಲಸವನ್ನು ಸುಮ್ನೆ ನಕಲು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಅಗಲ ಚೂರು ಹೆಚ್ಚುಕಮ್ಮಿ ಆದರೆ ಏನು ಮಹಾ?

ಒಂದು ಪದಕ್ಕೆ ಏನೂ ಆಗುವುದಿಲ್ಲ. ಒಂದು ಸಾಲಿಗೆ ಕೊನೆಯ ಪದ ಕೆಳಗಿಳಿಯುತ್ತದೆ. ಹತ್ತು ಸಾಲಿಗೆ ಒಂದು ಸಾಲು ಜಾಸ್ತಿಯಾಗುತ್ತದೆ. ಒಂದೇ ಪುಟಕ್ಕೆ ಕಷ್ಟಪಟ್ಟು ಕೂರಿಸಿದ ರೆಸ್ಯೂಮ್ ಎರಡನೇ ಪುಟಕ್ಕೆ ಹೋಗುತ್ತದೆ, ಅಲ್ಲಿ ಊರು, ತಾರೀಖು, ಸಹಿ ಮಾತ್ರ ಇರುತ್ತದೆ. ಅರ್ಜಿ ನಮೂನೆಯ ಚೌಕ ಉಬ್ಬುತ್ತದೆ. ಪುಸ್ತಕವಾದರೆ ಪರಿವಿಡಿಯ ಪುಟಸಂಖ್ಯೆಗಳೆಲ್ಲ ಸುಳ್ಳಾಗುತ್ತವೆ.

ನೋಡಿದ ಕೂಡಲೇ ಏರಿಯಲ್ಲೋ ಹೆಲ್ವೆಟಿಕಾನೋ ಹೇಳಬಹುದಾ?

ದೊಡ್ಡದಾಗಿ ಇದ್ದರೆ ಹೇಳಬಹುದು. ಕ್ಯಾಪಿಟಲ್ ಆರ್ ನೋಡಿ. ಹೆಲ್ವೆಟಿಕಾದಲ್ಲಿ ಅದರ ಕಾಲು ಹೆಚ್ಚುಕಡಿಮೆ ನೇರ ಕೆಳಗಿಳಿಯುತ್ತದೆ. ಏರಿಯಲ್‌ನಲ್ಲಿ ಓರೆಯಾಗಿ ಹೊರಗೆ ಚಾಚುತ್ತದೆ. ಕ್ಯಾಪಿಟಲ್ ಜಿ ಕೆಳಗೆ ಹೆಲ್ವೆಟಿಕಾದಲ್ಲಿ ಒಂದು ಸಣ್ಣ ಮುಳ್ಳು ಇದೆ, ಏರಿಯಲ್‌ನಲ್ಲಿ ಇಲ್ಲ. ಸಣ್ಣ ಟಿ ತಲೆಯನ್ನು ಹೆಲ್ವೆಟಿಕಾ ನೇರ ಕತ್ತರಿಸುತ್ತದೆ, ಏರಿಯಲ್ ಓರೆ ಕತ್ತರಿಸುತ್ತದೆ. ಸಿ, ಎಸ್ ಅಕ್ಷರಗಳ ತುದಿಯೂ ಅಷ್ಟೇ. 11 ಪಾಯಿಂಟಿನಲ್ಲಿ ಪ್ರಿಂಟ್ ಹಾಕಿದ ಪತ್ರದಲ್ಲಿ ಇದನ್ನೆಲ್ಲ ಗುರುತಿಸುವವರು ಕಮ್ಮಿ.

ಟೈಮ್ಸ್, ಕೊರಿಯರ್ ಕಥೆಯೂ ಇದೇನಾ?

ಹೆಚ್ಚುಕಡಿಮೆ ಇದೇ. ಟೈಮ್ಸ್ ನ್ಯೂ ರೋಮನ್ ಲಂಡನ್ನಿನ ಟೈಮ್ಸ್ ಪತ್ರಿಕೆಗಾಗಿ 1932ರಲ್ಲಿ ಬಂದದ್ದು. ಯೋಜನೆ ಸ್ಟ್ಯಾನ್ಲಿ ಮಾರಿಸನ್ ಅವರದ್ದು, ಬರೆದವರು ವಿಕ್ಟರ್ ಲಾರ್ಡೆಂಟ್. ಅದನ್ನೇ ಲೈನೋಟೈಪ್ ಕಂಪನಿ ಟೈಮ್ಸ್ ರೋಮನ್ ಎಂಬ ಹೆಸರಲ್ಲಿ ಮಾರಿತು. ಮ್ಯಾಕಿನ ಟೈಮ್ಸ್ ಲೈನೋಟೈಪಿನದ್ದು, ವಿಂಡೋಸಿನದ್ದು ಮೊನೋಟೈಪಿನದ್ದು. ಕೊರಿಯರ್ ಐಬಿಎಂನ ಟೈಪ್‌ರೈಟರ್ ಅಕ್ಷರ. ಅದರಲ್ಲಿ ಎಲ್ಲಾ ಅಕ್ಷರಕ್ಕೂ ಒಂದೇ ಅಗಲ, 600 ಪಾಲು. ಹೊಂದಿಸುವವರಿಗೆ ಅದರಷ್ಟು ಸುಲಭ ಬೇರೆ ಇಲ್ಲ.

ಲಿನಕ್ಸಿನವರು ಏರಿಯಲ್‌ನೇ ಹಾಕಿಕೊಳ್ಳಬಹುದಿತ್ತಲ್ಲ?

ಹಾಕಿಕೊಂಡು ಹಂಚಲು ಲೈಸೆನ್ಸ್ ಬೇಕು. ಮೈಕ್ರೋಸಾಫ್ಟ್ 1996ರಿಂದ 2002ರವರೆಗೆ ಏರಿಯಲ್, ಟೈಮ್ಸ್ ನ್ಯೂ ರೋಮನ್, ವರ್ಡಾನಾ, ಜಾರ್ಜಿಯಾ ಮುಂತಾದ ಫಾಂಟುಗಳನ್ನು ವೆಬ್‌ಗಾಗಿ ಪುಕ್ಕಟೆ ಡೌನ್‌ಲೋಡಿಗೆ ಇಟ್ಟಿತ್ತು. ಆಮೇಲೆ ನಿಲ್ಲಿಸಿತು. ಆ ಹಳೆಯ ಕಟ್ಟನ್ನು ಹಾಗೇ ಮುಂದಕ್ಕೆ ಕೊಡಬಹುದು, ಬಿಚ್ಚಿ ತಮ್ಮ ಸಿಸ್ಟಮ್ಮಿನೊಳಗೆ ಸೇರಿಸಿ ಕೊಡುವ ಹಾಗಿಲ್ಲ. ಅದಕ್ಕೇ ಉಬುಂಟುವಿನಲ್ಲಿ ನೀವೇ ಬೇರೆಯಾಗಿ ಇನ್‌ಸ್ಟಾಲ್ ಮಾಡಿ, ಲೈಸೆನ್ಸಿಗೆ ಒಪ್ಪಿಗೆ ಒತ್ತಬೇಕು.

2007ರಲ್ಲಿ ರೆಡ್ ಹ್ಯಾಟ್ ಕಂಪನಿ ಇದಕ್ಕೊಂದು ದಾರಿ ಮಾಡಿತು. ಸ್ಟೀವ್ ಮ್ಯಾಟ್ಟೆಸನ್ ಎಂಬ ಡಿಸೈನರ್ ಬರೆದ ಲಿಬರೇಷನ್ ಫಾಂಟುಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಸ್ಯಾನ್ಸ್ ಏರಿಯಲ್‌ಗೆ, ಸೆರಿಫ್ ಟೈಮ್ಸ್ ನ್ಯೂ ರೋಮನ್ನಿಗೆ, ಮೊನೋ ಕೊರಿಯರ್ ನ್ಯೂಗೆ. ಇದಕ್ಕೂ ಮೊದಲು ಜರ್ಮನಿಯ ಯುಆರ್‌ಡಬ್ಲ್ಯು ಕಂಪನಿ ಹೆಲ್ವೆಟಿಕಾ ಅಳತೆಯ ನಿಂಬಸ್ ಫಾಂಟನ್ನು ಕೊಟ್ಟಿತ್ತು. ಲಿನಕ್ಸಿನ ಒಳಗೆ ಒಂದು ಪಟ್ಟಿಯೇ ಇದೆ: ಯಾರಾದರೂ ಏರಿಯಲ್ ಕೇಳಿದರೆ ಲಿಬರೇಷನ್ ಸ್ಯಾನ್ಸ್ ಕೊಡು, ಹೆಲ್ವೆಟಿಕಾ ಕೇಳಿದರೆ ನಿಂಬಸ್ ಕೊಡು ಎಂದು. ವಿಂಡೋಸಿನಲ್ಲೂ ಅಂಥದ್ದೇ ಪಟ್ಟಿ ಇದೆ. ಅಲ್ಲಿ ಹೆಲ್ವೆಟಿಕಾ ಕೇಳಿದರೆ ಏರಿಯಲ್ ಸಿಗುತ್ತದೆ.

ಈಗ ವರ್ಡ್‌ನಲ್ಲಿ ಏರಿಯಲ್ಲೂ ಇಲ್ಲ, ಕ್ಯಾಲಿಬ್ರಿಯೂ ಇಲ್ಲ. ಏಪ್ಟೋಸ್ ಅಂತ ಬರುತ್ತಿದೆ?

ಹೌದು. 2007ರ ಆಫೀಸಿನಿಂದ ಕ್ಯಾಲಿಬ್ರಿ ಡೀಫಾಲ್ಟ್ ಆಗಿತ್ತು, ಲ್ಯೂಕಾಸ್ ಡಿ ಗ್ರೂಟ್ ಮಾಡಿದ್ದು. 2023ರಲ್ಲಿ ಮೈಕ್ರೋಸಾಫ್ಟ್ ಏಪ್ಟೋಸಿಗೆ ಬದಲಾಯಿಸಿತು. ಏಪ್ಟೋಸ್ ಬರೆದವರು ಯಾರು ಗೊತ್ತಾ? ಮೇಲೆ ಹೇಳಿದ ಅದೇ ಸ್ಟೀವ್ ಮ್ಯಾಟ್ಟೆಸನ್.

ಕ್ಯಾಲಿಬ್ರಿ ಅಗಲದಲ್ಲಿ ಏರಿಯಲ್‌ಗಿಂತ ಕಿರಿದು. ಹಾಗಾಗಿ ಲಿಬರೇಷನ್ ಅದಕ್ಕೆ ಹೊಂದುವುದಿಲ್ಲ. ಅದರ ಅಳತೆಗೆ ಕಾರ್ಲಿಟೋ, ಮೈಕ್ರೋಸಾಫ್ಟಿನದ್ದೇ ಇನ್ನೊಂದು ಫಾಂಟಾದ ಕೇಂಬ್ರಿಯಾ ಅಳತೆಗೆ ಕ್ಯಾಲಡಿಯಾ ಎಂಬ ಫಾಂಟುಗಳು ಆಮೇಲೆ ಬಂದವು. ವರ್ಡ್ ಥರದ್ದೇ ಪುಕ್ಕಟೆ ತಂತ್ರಾಂಶವಾದ ಲಿಬ್ರೆ ಆಫೀಸಿನಲ್ಲಿ ಕ್ಯಾಲಿಬ್ರಿ ಫೈಲು ತೆಗೆದರೆ ಕಾಣುವುದು ಕಾರ್ಲಿಟೋ. ಹಳೆಯ ಆಫೀಸ್ ಇರುವವರಿಗೆ ಏಪ್ಟೋಸ್ ಫೈಲು ಕಳಿಸಿದರೆ ಅವರಲ್ಲಿ ಬೇರೆ ಫಾಂಟಿನಲ್ಲಿ ತೆರೆದುಕೊಳ್ಳುತ್ತದೆ. ಸಾಲುಗಳೂ ಜರುಗುತ್ತವೆ.

ಡೀಫಾಲ್ಟ್ ಫಾಂಟ್ ಯಾವುದಿದ್ದರೇನು ಎನ್ನುವವರಿಗೆ ಒಂದು ಮಾತು. 2017ರಲ್ಲಿ ಪಾಕಿಸ್ತಾನದ ಪನಾಮಾ ಪೇಪರ್ಸ್ ತನಿಖೆಯಲ್ಲಿ, 2006ರ ಫೆಬ್ರವರಿ ತಾರೀಖು ಹಾಕಿದ್ದ ಟ್ರಸ್ಟ್ ಪತ್ರ ಕ್ಯಾಲಿಬ್ರಿಯಲ್ಲಿದೆ ಎಂದು ತನಿಖಾ ತಂಡ ಹಿಡಿಯಿತು. ಕ್ಯಾಲಿಬ್ರಿ ಅಂಗಡಿಗೆ ಬಂದದ್ದು 2007ರ ಜನವರಿ ಕೊನೆಗೆ. ಹಾಗಾಗಿ ಪತ್ರದ ತಾರೀಖೇ ಸುಳ್ಳಿರಬೇಕು ಎಂಬ ಅನುಮಾನ ಬಂತು, ಅದು ಅಲ್ಲಿ ದೊಡ್ಡ ಸುದ್ದಿಯಾಯಿತು.

ಮೆನು, ಬಟನ್ ಅಕ್ಷರಗಳೂ ಬೇರೆ ಬೇರೆ ಯಾಕೆ?

ಅಲ್ಲಿ ಹೊಂದಿಸುವ ಗೊಡವೆಯೇ ಇಲ್ಲ. ವಿಂಡೋಸಿನ ಸೆಗೋ ಯುಐ, ಆಂಡ್ರಾಯ್ಡಿಗೆ 2011ರಲ್ಲಿ ಬಂದ ರೋಬೋಟೋ, ಐಫೋನು ಮ್ಯಾಕುಗಳಿಗೆ 2015ರಲ್ಲಿ ಬಂದ ಸ್ಯಾನ್ ಫ್ರಾನ್ಸಿಸ್ಕೋ, ಇವೆಲ್ಲ ಕಂಪನಿಯ ಗುರುತು. ನೋಡಿದ ಕೂಡಲೇ ಇದು ಇವರ ಫೋನು ಅನಿಸಬೇಕು. ಇವು ಒಂದೇ ಥರ ಕಾಣುವುದಕ್ಕೆ ಕಾರಣ ಬೇರೆ: ಚಿಕ್ಕ ಪರದೆಯಲ್ಲಿ ಸಣ್ಣ ಅಕ್ಷರ ಸ್ಪಷ್ಟವಾಗಿ ಕಾಣಬೇಕೆಂದರೆ ಅಲಂಕಾರಕ್ಕೆ ಜಾಗ ಇರುವುದಿಲ್ಲ.

ಕನ್ನಡಕ್ಕೂ ಹೀಗೆ ಅಳತೆ ಹೊಂದಿಸಿದ್ದಾರಾ?

ಇಲ್ಲ. ನಮ್ಮ ತಲೆನೋವೆಲ್ಲ ಇಲ್ಲೇ ಇರುವುದು.

ವಿಂಡೋಸ್ ಎಕ್ಸ್‌ಪಿ ಕಾಲಕ್ಕೆ ಬಂದದ್ದು ತುಂಗಾ. ವಿಂಡೋಸ್ 8ರಿಂದ ನಿರ್ಮಲಾ ಯುಐ, ಇದರಲ್ಲಿ ಕನ್ನಡದ ಜೊತೆ ಭಾರತದ ಬೇರೆ ಲಿಪಿಗಳೂ ಇವೆ. ಮ್ಯಾಕಿನಲ್ಲಿ ಕನ್ನಡ ಸಂಗಮ್ ಎಂಎನ್. ಕೊನೆಯ ಎಂಎನ್ ಎಂದರೆ ಅದನ್ನು ಮಾಡಿದ ಮಲೇಷ್ಯಾದ ಮುತ್ತು ನೆಡುಮಾರನ್. ಆಂಡ್ರಾಯ್ಡಿನಲ್ಲಿ ನೋಟೋ ಸ್ಯಾನ್ಸ್ ಕನ್ನಡ. ಲಿನಕ್ಸಿನಲ್ಲಿ ಲೋಹಿತ್ ಕನ್ನಡ, ಜೊತೆಗೆ ನಮ್ಮವರೇ ಮಾಡಿದ ಗುಬ್ಬಿ, ನವಿಲು. ಇವುಗಳನ್ನು ಒಬ್ಬೊಬ್ಬರು ಒಂದೊಂದು ಕಡೆ ಕೂತು ಮಾಡಿದ್ದಾರೆ. ಇದರ ಜಾಗದಲ್ಲಿ ಅದು ಕೂರಲಿ ಎಂದು ಅಳತೆ ಹಿಡಿದು ಮಾಡಿದ್ದಲ್ಲ. ಲೇಸರ್‌ರೈಟರ್ ಥರ ಒಂದೇ ಪ್ರಿಂಟರ್ ಬಂದು ಎಲ್ಲರಿಗೂ ಒಂದೇ ಅಳತೆ ಹಾಕಿಕೊಡುವ ಕಾಲ ಕನ್ನಡಕ್ಕೆ ಬರಲೇ ಇಲ್ಲ.

ನಮಗೆ ಅಗಲದ ಜೊತೆ ಎತ್ತರದ ಕಷ್ಟವೂ ಇದೆ. ಮದುವೆ ಪತ್ರಿಕೆಯಲ್ಲಿ ಲಕ್ಷ್ಮೀ ಎಂದು ಬರೆಯಿರಿ. ಕ್ಷ ಕೆಳಗೆ ಮ ಒತ್ತು ಬರಬೇಕು, ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. ರಾಷ್ಟ್ರ ಬರೆದರೆ ಷ ಕೆಳಗೆ ಎರಡು ಒತ್ತು. ಈ ಒತ್ತುಗಳನ್ನು ಎಷ್ಟು ಕೆಳಗೆ ಇಳಿಸಬೇಕು, ಎಷ್ಟು ಪಕ್ಕಕ್ಕೆ ಸರಿಸಬೇಕು ಎಂಬುದನ್ನು ಪ್ರತಿ ಫಾಂಟೂ ತನ್ನದೇ ರೀತಿಯಲ್ಲಿ ತೀರ್ಮಾನ ಮಾಡುತ್ತದೆ. ಅದಕ್ಕೆ ತಕ್ಕಂತೆ ಸಾಲಿನ ಎತ್ತರ. ಇಂಗ್ಲಿಷ್ ಫೈಲು ಪಕ್ಕಕ್ಕೆ ಜರುಗಿದರೆ ಕನ್ನಡ ಫೈಲು ಪಕ್ಕಕ್ಕೂ ಜರುಗುತ್ತದೆ, ಕೆಳಕ್ಕೂ ಜಾರುತ್ತದೆ. ಸಾಲಿನ ಎತ್ತರವನ್ನು ಇಷ್ಟೇ ಪಾಯಿಂಟ್ ಎಂದು ಬಿಗಿಮಾಡಿಟ್ಟಿದ್ದರೆ ಒತ್ತಿನ ಬುಡವೇ ಕತ್ತರಿಸಿಹೋಗುತ್ತದೆ.

ವರ್ಡ್‌ನಲ್ಲಿ ಏರಿಯಲ್ ಆರಿಸಿದರೂ ಕನ್ನಡ ಅಕ್ಷರ ಬದಲಾಗುವುದೇ ಇಲ್ಲ. ಯಾಕೆ?

ಏರಿಯಲ್ ಒಳಗೆ ಕನ್ನಡ ಅಕ್ಷರಗಳೇ ಇಲ್ಲ. ಇಲ್ಲದ ಅಕ್ಷರ ಸಿಕ್ಕಿದಾಗ ಕಂಪ್ಯೂಟರ್ ತನ್ನ ಬಳಿ ಇರುವ ಯಾವುದಾದರೂ ಕನ್ನಡ ಫಾಂಟಿನಿಂದ ತೆಗೆದು ತೋರಿಸುತ್ತದೆ. ಫಾಂಟ್ ಇಲ್ಲವೇ ಇಲ್ಲದಿದ್ದರೆ ಖಾಲಿ ಚೌಕ.

ವರ್ಡ್ ಎಷ್ಟು ಹಳೆಯದನ್ನು ನೆನಪಿಟ್ಟುಕೊಂಡಿದೆ ಎಂದು ನೋಡಬೇಕಾದರೆ ಒಂದು ಡಾಕ್‌ಎಕ್ಸ್ (ವರ್ಡ್) ಫೈಲಿನ ಪ್ರತಿ ಮಾಡಿ, ಹೆಸರಿನ ಕೊನೆಯಲ್ಲಿರುವ ಡಾಕ್‌ಎಕ್ಸ್ ಎಂಬ ಬಾಲವನ್ನು ಜಿಪ್ ಎಂದು ಬದಲಾಯಿಸಿ ಬಿಚ್ಚಿ. ಒಳಗೆ ವರ್ಡ್ ಎಂಬ ಫೋಲ್ಡರ್, ಅದರೊಳಗೆ ಥೀಮ್ ಎಂಬ ಫೋಲ್ಡರ್, ಅಲ್ಲೊಂದು ಎಕ್ಸ್‌ಎಂಎಲ್ ಫೈಲು. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾವ ಲಿಪಿಗೆ ಯಾವ ಫಾಂಟ್ ಎಂಬ ಉದ್ದ ಪಟ್ಟಿ ಕಾಣುತ್ತದೆ. ಆಫೀಸಿನ ಮಾಮೂಲಿ ಥೀಮಿನಲ್ಲಿ ಕನ್ನಡದ ಎದುರಿಗೆ ಇರುವುದು ತುಂಗಾ. ಆದರೆ ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ. ಕನ್ನಡ ಭಾಷೆ ಸೇರಿಸಿಕೊಂಡರೆ ಅಥವಾ ಹೆಚ್ಚುವರಿ ಫಾಂಟ್ ಹಾಕಿಕೊಂಡರೆ ಮಾತ್ರ ಬರುತ್ತದೆ. ನಿಮ್ಮಲ್ಲಿ ತುಂಗಾ ಇದೆ, ಪಕ್ಕದವರಲ್ಲಿ ಇಲ್ಲ. ಎರಡೂ ವಿಂಡೋಸೇ, ಫೈಲೂ ಒಂದೇ. ಆದರೂ ಪುಟ ಬೇರೆ ಥರ ಕಾಣುತ್ತದೆ.

ನುಡಿಯಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಕಸದ ಥರ ಕಾಣುತ್ತದೆ. ಇದೂ ಇದೇ ಸಮಸ್ಯೆನಾ?

ಅಲ್ಲ, ಇದು ಬೇರೆ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು. ಫೈಲಿನಲ್ಲಿ ನಿಜಕ್ಕೂ ಇರುವುದು ಇಂಗ್ಲಿಷ್ ಸಂಕೇತಗಳೇ. ಆ ಫಾಂಟ್ ಇಲ್ಲದ ಕಡೆ ಅದೇ ಕಾಣುತ್ತದೆ. ಇದಕ್ಕೆ ಫಾಂಟ್ ಬದಲಾಯಿಸಿ ಪ್ರಯೋಜನವಿಲ್ಲ, ಪರಿವರ್ತಕದಿಂದ ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುವ ಪದ್ಧತಿಗೆ, ಬದಲಾಯಿಸಬೇಕು. ಯೂನಿಕೋಡ್ ಆದರೆ ಫಾಂಟ್ ಬದಲಾದರೂ ಅಕ್ಷರ ಕೆಡುವುದಿಲ್ಲ, ಪುಟದ ವಿನ್ಯಾಸ ಮಾತ್ರ ಕೆಡಬಹುದು.

ಸರಿ, ಈಗ ನಾನು ಫೈಲು ಕಳಿಸುವಾಗ ಏನು ಮಾಡಲಿ?

ಓದಲು ಮಾತ್ರ ಕಳಿಸುವುದಾದರೆ ಪಿಡಿಎಫ್ ಮಾಡಿ. ಅದರೊಳಗೆ ಫಾಂಟೂ ಸೇರಿ ಹೋಗುತ್ತದೆ. ಪ್ರಿಂಟ್ ಅಂಗಡಿಗೆ ಯಾವತ್ತೂ ಪಿಡಿಎಫ್ ಒಯ್ಯಿರಿ, ವರ್ಡ್ ಫೈಲು ಬೇಡ.

ಆ ಕಡೆಯವರೂ ತಿದ್ದಬೇಕು ಅಂದರೆ ಇಂಗ್ಲಿಷಿಗೆ ಏರಿಯಲ್ ಅಥವಾ ಟೈಮ್ಸ್ ನ್ಯೂ ರೋಮನ್ ಇಡಿ, ಅವುಗಳ ಅಳತೆ ಎಲ್ಲ ಕಡೆ ಸಿಗುತ್ತದೆ. ಏಪ್ಟೋಸ್ ಬೇಡ. ಕನ್ನಡಕ್ಕೆ ಇಬ್ಬರೂ ನೋಟೋ ಸ್ಯಾನ್ಸ್ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ ಹಾಕಿಕೊಳ್ಳುವುದು ಒಳ್ಳೆಯದು. ಪುಕ್ಕಟೆ, ಹಂಚಲು ಅಡ್ಡಿಯಿಲ್ಲ, ವಿಂಡೋಸ್ ಮ್ಯಾಕ್ ಲಿನಕ್ಸ್ ಮೂರರಲ್ಲೂ ಕೂರುತ್ತದೆ. ನಿರ್ಮಲಾ ಯುಐ ನೋಡಲು ಚೆನ್ನಾಗಿದ್ದರೂ ಅದು ಮೈಕ್ರೋಸಾಫ್ಟಿನದ್ದು, ಸ್ನೇಹಿತರ ಮ್ಯಾಕಿಗೆ ಕಾಪಿ ಮಾಡಿಕೊಡುವ ಹಾಗಿಲ್ಲ.

ವಿಂಡೋಸಿನ ವರ್ಡ್‌ನಲ್ಲಿ ಆಪ್ಷನ್ಸ್ ಒಳಗೆ ಸೇವ್ ಎಂಬಲ್ಲಿ ಫಾಂಟನ್ನು ಫೈಲಿಗೆ ಸೇರಿಸುವ ಆಯ್ಕೆಯೂ ಇದೆ. ಫೈಲು ದಪ್ಪವಾಗುತ್ತದೆ, ಮತ್ತೆ ಎಲ್ಲ ಫಾಂಟೂ ಸೇರಲು ಬಿಡುವುದಿಲ್ಲ. ಸಾಲು ಸರಿಮಾಡಲು ಸ್ಪೇಸ್ ಒತ್ತಿ ಒತ್ತಿ ತಳ್ಳುವ ಅಭ್ಯಾಸ ಇದ್ದರೆ ಬಿಡಿ, ಫಾಂಟ್ ಬದಲಾದಾಗ ಮೊದಲು ಕೆಡುವುದು ಅದೇ. ಟ್ಯಾಬ್ ಅಥವಾ ಟೇಬಲ್ ಬಳಸಿ. ಸಾಲಿನ ಎತ್ತರವನ್ನು ಪಾಯಿಂಟಿನಲ್ಲಿ ಬಿಗಿಮಾಡದೆ ಒಂದೂಕಾಲು, ಒಂದೂವರೆ ಪಟ್ಟು ಎಂದು ಇಡಿ. ಒತ್ತಕ್ಷರ ಬಚಾವಾಗುತ್ತದೆ.

ಮ್ಯಾಕಿನಲ್ಲೂ ಏರಿಯಲ್ ಇದೆಯಲ್ಲ? ಮತ್ತೆ ಹೆಲ್ವೆಟಿಕಾ ಯಾಕೆ?

ಇದೆ, ಆ್ಯಪಲ್ ಅದಕ್ಕೂ ಲೈಸೆನ್ಸ್ ತೆಗೆದುಕೊಂಡಿದೆ. ವಿಂಡೋಸಿನಿಂದ ಬಂದ ಫೈಲು ಸರಿಯಾಗಿ ತೆರೆಯಲು ಏರಿಯಲ್, ತನ್ನ ಹಳೆಯ ಫೈಲುಗಳಿಗೆ ಹೆಲ್ವೆಟಿಕಾ. ಅಳತೆ ಒಂದೇ ಆದ್ದರಿಂದ ಯಾವುದನ್ನು ಆರಿಸಿದರೂ ಸಾಲು ಅಲ್ಲೇ ಮುರಿಯುತ್ತದೆ. ಬೇಕಾದರೆ ಒಂದು ಪ್ಯಾರಾ ಟೈಪ್ ಮಾಡಿ, ಎರಡರ ನಡುವೆ ಬದಲಾಯಿಸುತ್ತಾ ಸಾಲಿನ ಕೊನೆಯ ಪದಗಳನ್ನು ನೋಡಿ.